ಒಂದಕ್ಕೆ ಒಂಬತ್ತು ನೀರು

ಕಾಗವಾಡ ಸೀಮೆಯ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿ ಕಡೆ ಸಹಕಾರಿ ಕಾರ್ಖಾನೆಗಳು ಬಂದವು. ಕೆಮಿಸ್ಟ್ರಿ ಓದಿದ ನಮ್ಮೂರ ಹುಡುಗರಿಗೆ ಮನೆ ಹತ್ತಿರವೇ ಕೆಲಸ ಸಿಕ್ಕಿದ್ದು ಆಗ. ಅಂಥದೊಂದು ಲ್ಯಾಬಿಗೆ ನಾನು ಎಂಬತ್ತರ ದಶಕದಲ್ಲಿ ಸೇರಿದೆ.

ನನಗೆ ಹಿಡಿಸಿದ ಕೆಲಸ ಕಾಕಂಬಿಯ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕದ ಪರೀಕ್ಷೆ. ಅದು ಎಷ್ಟು ಗಟ್ಟಿಯೆಂದರೆ ಬ್ರಿಕ್ಸ್ (ಕರಗಿದ ಘನಾಂಶದ ಶೇಕಡಾ ಪ್ರಮಾಣ) ತೋರಿಸುವ ಸ್ಪಿಂಡಲ್ ಅದರಲ್ಲಿ ಸರಿಯಾಗಿ ತೇಲುವುದಿಲ್ಲ. 100 ಗ್ರಾಂ ಕಾಕಂಬಿಗೆ ನೀರು ಬೆರೆಸಿ ಒಟ್ಟು 1000 ಗ್ರಾಂ ಮಾಡುತ್ತಿದ್ದೆವು. ಸ್ಪಿಂಡಲ್ 9.2 ತೋರಿಸಿದರೆ ಮೂಲ ಬ್ರಿಕ್ಸ್ 92. "ಜಾಡಿಯೊಳಗ ಅಳಿಬ್ಯಾಡ್ರಿ, ತೂಕ ಮಾಡ್ರಿ" ಎಂದು ಹಿರಿಯ ಕೆಮಿಸ್ಟರು ಗದರುತ್ತಿದ್ದರು. 100 ಮಿ.ಲೀ. ಕಾಕಂಬಿ 140 ಗ್ರಾಂಗೂ ಹೆಚ್ಚು ತೂಗುತ್ತದೆ. ಅಳೆದು ಹಾಕಿದರೆ ಲೆಕ್ಕವೇ ಬೇರೆಯಾಗುತ್ತದೆ. ಕಣ್ಣು 0.1 ತಪ್ಪಿ ಓದಿದರೆ ಹತ್ತರಿಂದ ಗುಣಿಸುವಾಗ ಪೂರ್ತಿ 1 ಬ್ರಿಕ್ಸ್ ತಪ್ಪು. ಸಕ್ಕರೆಯ ಅಂಶ ತೋರಿಸುವ ಪೋಲ್ 30 ಇದ್ದಾಗ ಬ್ರಿಕ್ಸ್ 92 ಎಂದರೆ ಶುದ್ಧತೆ 32.6, ಬ್ರಿಕ್ಸ್ 91 ಎಂದರೆ ಸುಮಾರು 33. ಕಬ್ಬಿನ ಸಕ್ಕರೆ ಎಷ್ಟು ಕಾಕಂಬಿಯ ಜತೆ ಹೊರಗೆ ಹರಿಯಿತು ಎಂಬುದು ಆ ಅಂಕಿಯಿಂದಲೇ ತಿಳಿಯಬೇಕಿತ್ತು. ನಮ್ಮ ಸ್ಪಿಂಡಲ್‌ಗಳಿಗೆ ಗುರುತು ಹಾಕಿದ್ದು 27.5 ಡಿಗ್ರಿ ಸೆಲ್ಸಿಯಸ್‌ಗೆ, ಡಿಸೆಂಬರ್ ರಾತ್ರಿ ಪಾಳಿಯಲ್ಲಿ ಕೋಷ್ಟಕ ನೋಡಿ ತಿದ್ದಲೇಬೇಕಿತ್ತು.

ಹೈಡ್ರೋಕ್ಲೋರಿಕ್ ಆ್ಯಸಿಡ್ ತೆಳು ಮಾಡುವ ಲೆಕ್ಕ ಬೇರೆ. ಬಾಟಲಿಯ ಚೀಟಿಯಲ್ಲಿ ಶೇ. 36, ಸಾಂದ್ರತೆ 1.18 ಎಂದಿದ್ದರೆ ಅದು ಸುಮಾರು 11.6 ನಾರ್ಮಲ್, 1 ನಾರ್ಮಲ್‌ನ ಒಂದು ಲೀಟರಿಗೆ 86 ಮಿ.ಲೀ. ಸಾಕು. ಹೊಸಬರಿಗೆ ಸೂತ್ರಕ್ಕಿಂತ ಮೊದಲು ಹೇಳುತ್ತಿದ್ದ ಮಾತು: "ತಮ್ಮಾ, ನೀರ ಮೊದಲ, ಆಮ್ಯಾಲ ಆ್ಯಸಿಡ್."

ಈಗ ಆ್ಯಸಿಡ್ ಅಳೆದು ತುಂಬಿದ ಆಂಪೂಲ್ ಒಡೆದು ಒಂದು ಲೀಟರಿಗೆ ಏರಿಸಿದರೆ ದ್ರಾವಣ ಸಿದ್ಧ. ಡಿಜಿಟಲ್ ರಿಫ್ರಾಕ್ಟೋಮೀಟರ್ ಉಷ್ಣತೆಯನ್ನೂ ತಾನೇ ತಿದ್ದಿಕೊಳ್ಳುತ್ತದೆ. ಒಳ್ಳೆಯದೇ ಆಯಿತು ಎನ್ನುತ್ತೇನೆ. ಆದರೂ ಕಾಕಂಬಿಯನ್ನು ಈಗಲೂ ತೂಗಿ ತೆಳು ಮಾಡಲೇಬೇಕು. ಆ ತೂಕ ತಪ್ಪಿದ್ದು ಯಂತ್ರಕ್ಕೆ ಗೊತ್ತಾಗದು. ಹುಡುಗರು ಒಮ್ಮೆಯಾದರೂ ಕಾಗದದ ಮೇಲೆ ಗುಣಿಸಿ ನೋಡಲಿ ಎಂದು ಇಂದಿಗೂ ಹಟ ಹಿಡಿಯುತ್ತೇನೆ.

ಇದೆಲ್ಲಕ್ಕಿಂತ ನನಗೆ ನೆಮ್ಮದಿ ತಂದ ಬದಲಾವಣೆ ಸೀಸದ್ದು. ಪೋಲ್ ನೋಡುವ ಮೊದಲು ಕಬ್ಬಿನ ಹಾಲು ತಿಳಿಯಾಗಲೆಂದು ಲೆಡ್ ಅಸಿಟೇಟ್ ಹಾಕಿ ಸೋಸುತ್ತಿದ್ದೆವು. ಅದು ವಿಷ. ಸೋಸಿದ ಮೇಲೆ ಉಳಿದ ಗಸಿ ಕೈಗೂ ಅಂಟುತ್ತಿತ್ತು, ಸಿಂಕಿಗೂ ಹೋಗುತ್ತಿತ್ತು. ಸೀಸವಿಲ್ಲದ ಪುಡಿಗಳು ಬಂದಿವೆ. ಸೀಸವನ್ನು ಬಿಡದ ಲ್ಯಾಬ್ ಎಲ್ಲೇ ಇದ್ದರೂ ಈ ಹಂಗಾಮಿನಲ್ಲೇ ಬಿಡಬೇಕು.