ಕೆಂಪು ಬಂಡೆಯ ಊರಿನಲ್ಲಿ ದೊಡ್ಡ ಗಾಲಿಗಳು

ಮುಂಬಯಿ, ಪುಣೆಗಳ ನಮ್ಮ ಹುಡುಗ ಹುಡುಗಿಯರಲ್ಲಿ ಹಲವರಿಗೆ ಈಗ ಥಾರ್‌ನಂತಹ ಗಾಡಿಗಳ ಹುಚ್ಚು. ಕೊಂಡ ತಿಂಗಳೊಳಗೇ ‘ಇದಕ್ಕೆ ಇನ್ನೂ ದೊಡ್ಡ ಟೈರ್ ಹಾಕಿಸಬೇಕು’ ಎಂಬ ಮಾತು ಶುರುವಾಗುತ್ತದೆ. ಈ ಹುಚ್ಚಿನ ತವರೂರುಗಳಲ್ಲಿ ಒಂದನ್ನು ಕಣ್ಣಾರೆ ಕಂಡು ಬಂದಿದ್ದೇನೆ. ಅದು ಅಮೆರಿಕದ ಯೂಟಾ ರಾಜ್ಯದ ಮೋಆಬ್.

ಸಾಲ್ಟ್ ಲೇಕ್ ಸಿಟಿಯಿಂದ ಆಗ್ನೇಯಕ್ಕೆ ಸುಮಾರು 375 ಕಿಲೋಮೀಟರ್, ನಾಲ್ಕು ಗಂಟೆಯ ದಾರಿ. ಅಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನ ಫೋರ್ಡ್ ಪಿಕಪ್ ಟ್ರಕ್ಕಿನಲ್ಲಿ ಹೊರಟೆವು. ಮೋಆಬ್ ಸುಮಾರು ಐದು ಸಾವಿರ ಜನರ ಪುಟ್ಟ ಊರು. ಪಕ್ಕದಲ್ಲೇ ಕೊಲರಾಡೊ ನದಿ. ಸಮೀಪದಲ್ಲೇ ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಗಳು. ಎತ್ತ ನೋಡಿದರೂ ಕೆಂಪು ಬಂಡೆ.

1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿಗೆ ಈ ಸೀಮೆಯಲ್ಲಿ ಯುರೇನಿಯಂ ಸಿಕ್ಕಿತು. ಅದಿರು ಹುಡುಕುವವರು ದಂಡುದಂಡಾಗಿ ಬಂದರು. ಅವರು ಬಂಡೆಗಳ ನಡುವೆ ಮಾಡಿಕೊಂಡ ಎಷ್ಟೋ ಹಾದಿಗಳು ಇಂದು ಜೀಪ್ ಹಾದಿಗಳಾಗಿವೆ. 1967ರಲ್ಲಿ ಊರಿನ ವಾಣಿಜ್ಯ ಮಂಡಳಿ ಆರಂಭಿಸಿದ ‘ಈಸ್ಟರ್ ಜೀಪ್ ಸಫಾರಿ’ ಈಗಲೂ ವಸಂತದಲ್ಲಿ ಜೀಪಿನವರನ್ನೂ ಟ್ರಕ್ಕಿನವರನ್ನೂ ಇಲ್ಲಿಗೆ ಸೆಳೆಯುತ್ತದೆ. ಊರಿನ ಮುಖ್ಯ ಬೀದಿಯಲ್ಲಿ ನಿಂತರೆ ಸಾಕು, ಟೈರುಗಳ ಮೆರವಣಿಗೆಯನ್ನೇ ನೋಡಬಹುದು!

ಪಿಕಪ್ ಟ್ರಕ್ಕು ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಅದರ ಮೂತಿ ತುಸು ತಗ್ಗು, ಹಿಂಭಾಗ ತುಸು ಎತ್ತರ. ಹುಡುಗರ ಕಣ್ಣಿಗೆ ಇದು ಅಂದಗೇಡು. ಆದರೆ ಅದು ದೋಷವಲ್ಲ. ಹಿಂದಿನ ತೊಟ್ಟಿಗೆ ಸರಕು ತುಂಬಿದಾಗ ಸ್ಪ್ರಿಂಗು ಕುಗ್ಗಿ ಗಾಡಿ ಸಮನಾಗಲಿ ಎಂದೇ ಬಿಟ್ಟ ಎತ್ತರ. ಅಕ್ಕನ ಮಗ ಮುಂದಿನ ಸ್ಪ್ರಿಂಗುಗಳ ಮೇಲೆ ಲೋಹದ ಬಿಲ್ಲೆ ಕೂರಿಸಿ ಮೂತಿಯನ್ನು ಎರಡಿಂಚು ಎತ್ತಿಸಿದ್ದ. ಅಲ್ಲಿಯವರು ಇದನ್ನು ‘ಲೆವೆಲಿಂಗ್’ ಎನ್ನುತ್ತಾರೆ.

‘ಮಾಮ, ಈಗ ನೋಡು, ಎದೆ ಎತ್ತಿ ನಿಂತಿದೆ’ ಎಂದ.

‘ಮನೆ ಬದಲಾಯಿಸುವಾಗ ಸಾಮಾನು ತುಂಬಿದರೋ?’ ಎಂದೆ.

‘ಆಗ ಮೂತಿ ಆಕಾಶಕ್ಕೆ, ದೀಪ ಎದುರಿನವನ ಕಣ್ಣಿಗೆ!’ ಎಂದು ನಕ್ಕ.

ಈಗ ಟೈರಿನ ಲೆಕ್ಕ. ಅವನ ಗಾಡಿಯ ಮೂಲ ಟೈರಿನ ಮೇಲಿದ್ದ ಅಂಕಿ 275/65 ಆರ್ 18. ಅಗಲ 275 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 65 ಪಾಲು. ಒಳಗಿನ ರಿಮ್ 18 ಇಂಚು. ಎಲ್ಲ ಸೇರಿ ಟೈರಿನ ಎತ್ತರ ಸುಮಾರು 32 ಇಂಚು. ಮೋಆಬಿನಲ್ಲಿ ಅನೇಕರ ಆಸೆ 35 ಇಂಚಿನದು. ಆಸೆಗೆ ಕಾರಣವೂ ಇದೆ. ಲೆವೆಲಿಂಗ್ ಎತ್ತುವುದು ಗಾಡಿಯ ಮೈಯನ್ನು. ಹಿಂದಿನ ಆಕ್ಸಲ್ ನೆಲದಿಂದ ಮೇಲೇಳಬೇಕಾದರೆ ದೊಡ್ಡ ಟೈರೇ ಬೇಕು. ಅದೂ ಮೂರಿಂಚು ಹೆಚ್ಚಿಸಿದರೆ ಸಿಗುವುದು ಒಂದೂವರೆ ಇಂಚು ಮಾತ್ರ.

ಆ ಒಂದೂವರೆ ಇಂಚಿಗೆ ತೆರುವ ಬೆಲೆ? ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿನ ಒಳಭಾಗಕ್ಕೆ ಉಜ್ಜುತ್ತದೆ. ಎಷ್ಟೋ ಗಾಡಿಗಳಲ್ಲಿ ಪ್ಲಾಸ್ಟಿಕ್ ಕತ್ತರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಯೂ ನಿಜ. ಮೀಟರನ್ನು ಹೊಸದಾಗಿ ಹೊಂದಿಸದಿದ್ದರೆ ಅದು 100 ತೋರಿಸುವಾಗ ಗಾಡಿ 109ರಲ್ಲಿ ಓಡುತ್ತಿರುತ್ತದೆ. ಭಾರದ ಗಾಲಿಯನ್ನು ಉರುಳಿಸಲು ಎಂಜಿನ್‌ಗೆ ಕಷ್ಟ, ನಿಲ್ಲಿಸಲು ಬ್ರೇಕಿಗೆ ಕಷ್ಟ. ಸ್ಟೆಪ್ನಿಯೋ ಹಳೆಯ ಅಳತೆಯದ್ದೇ! ಮರುಭೂಮಿಯಲ್ಲಿ ಪಂಕ್ಚರ್ ಆದರೆ ಒಂದು ಗಾಲಿ ಚಿಕ್ಕದು, ಮೂರು ದೊಡ್ಡವು. ಇದನ್ನೆಲ್ಲ ಲೆಕ್ಕ ಹಾಕಿಯೇ ಅಕ್ಕನ ಮಗ 33 ಇಂಚಿಗೆ ತೃಪ್ತನಾಗಿದ್ದ. ಸ್ಟೆಪ್ನಿಯೂ ಅದೇ ಅಳತೆಯದು.

ಮರುದಿನ ಸ್ಯಾಂಡ್ ಫ್ಲಾಟ್ಸ್ ಪ್ರದೇಶದ ‘ಫಿನ್ಸ್ ಅಂಡ್ ಥಿಂಗ್ಸ್’ ಹಾದಿ ಹಿಡಿದೆವು. ಕೋಟ್ಯಂತರ ವರ್ಷಗಳ ಹಿಂದಿನ ಮರಳ ದಿಬ್ಬಗಳೇ ಕಲ್ಲಾಗಿ ನಿಂತ ಜಾಗ. ಇಂತಹ ಬಂಡೆಗೆ ‘ಸ್ಲಿಕ್‌ರಾಕ್’, ಅಂದರೆ ಜಾರುಬಂಡೆ, ಎಂದು ಹೆಸರು. ಲಾಳ ಕಟ್ಟಿದ ಕುದುರೆಗಳು ಇದರ ಮೇಲೆ ಜಾರುತ್ತಿದ್ದವಂತೆ. ರಬ್ಬರಿಗೆ ಮಾತ್ರ ಇದು ಉಪ್ಪುಕಾಗದದಂತೆ ಒರಟು. ಹಾದಿಯ ಬಾಯಲ್ಲಿ ಅಕ್ಕನ ಮಗ ಇಳಿದು, ಟೈರಿನ ಗಾಳಿಯನ್ನು 35 ಪೌಂಡಿನಿಂದ 18ಕ್ಕೆ ಇಳಿಸಿದ. ಗಾಳಿ ತಗ್ಗಿದ ಟೈರು ಅಂಗಾಲಿನಂತೆ ಹರಡಿ ಬಂಡೆಯನ್ನು ಹಿಡಿಯುತ್ತದೆ. ನಮ್ಮ ಗಾಡಿ ಇರುವೆಯಂತೆ ಒಂದೊಂದೇ ಬಂಡೆ ಹತ್ತಿತು. ಕೆಲಸ ಮಾಡಿದ್ದು ಟೈರಿನ ಗಾತ್ರವೊಂದೇ ಅಲ್ಲ. ಗಾಳಿಯ ಲೆಕ್ಕ, ಕೆಳಗಿನ ಗೇರು ಮತ್ತು ಅವಸರವಿಲ್ಲದ ಕಾಲು.

ಬಂಡೆಗಳ ನಡುವೆ ಕಪ್ಪು ಹಪ್ಪಳದಂತಹ ಮಣ್ಣು ಕಾಣುತ್ತದೆ. ಅದು ಜೀವಂತ. ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿಗಳು ಕೂಡಿ ಕಟ್ಟಿದ ಪದರವದು. ಮರಳು ಗಾಳಿಗೆ ಹಾರದಂತೆ ಹಿಡಿದಿಡುವುದು ಅದೇ. ಒಮ್ಮೆ ಗಾಲಿ ಹರಿದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಆದ್ದರಿಂದ ಎಷ್ಟೇ ದೊಡ್ಡ ಟೈರಿರಲಿ, ಗುರುತಿಸಿದ ಹಾದಿ ಬಿಟ್ಟು ಇಳಿಯುವಂತಿಲ್ಲ.

ಗೆಳೆಯರೇ, ನಮ್ಮ ದೇಶದ ಮಾತು ಬೇರೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ ಕೊಡುವ ಮೊದಲು ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ಅದಕ್ಕೂ ಮೊದಲು ಗಾಡಿ ಈಗಿರುವಂತೆ ಏಕಿದೆ ಎಂದು ಕೇಳಿಕೊಳ್ಳಿ. ತಗ್ಗಿದ ಆ ಮೂತಿ, ಹೊರಬೇಕಾದ ಭಾರವನ್ನು ನೆನಪಿಟ್ಟುಕೊಂಡೇ ತಗ್ಗಿದೆ.