ತುಂಬಿದ ಕೊಡ

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ಕಟ್ಟಿದವರು ನಾಯಿ ಸಾಕಿದವರಲ್ಲ. "ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕು, ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ" ಎಂದು ವೈದ್ಯರು ಹೇಳಿದ್ದರು. ನಮ್ಮ ಮೋತಿಗೋ 10 ವರ್ಷಗಳ ವ್ರತ: ಕಂಡ ದೀಪದ ಕಂಬಕ್ಕೆಲ್ಲ ಅಭಿಷೇಕ ಮಾಡದೆ ಮುಂದೆ ಹೋದವನೇ ಅಲ್ಲ. ಆ ದಿನ ಅವನನ್ನು ಎತ್ತಿಕೊಂಡೇ ನಡೆದೆ.

ಮೂತ್ರದಲ್ಲಿ ರಕ್ತ ಕಂಡು 2 ತಿಂಗಳಾಗಿತ್ತು. ಮಾತ್ರೆ ಕೊಟ್ಟರೆ ನಿಲ್ಲುವುದು, ಬಿಟ್ಟರೆ ಮರಳುವುದು. ಎಕ್ಸ್-ರೇಯಲ್ಲಿ ಕಲ್ಲು ಕಾಣಲಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ಮೆತ್ತನೆಯ ಗೆಡ್ಡೆ ಅದರಲ್ಲಿ ಮೂತ್ರದ ಬಣ್ಣದಲ್ಲೇ ಬೆರೆತುಹೋಗುತ್ತದೆಂದು ಆಮೇಲೆ ತಿಳಿಯಿತು.

ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಸವರಿ, ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಹಾಯಿಸಿದರು. ತೆರೆಯ ಮೇಲೆ ಕಪ್ಪು ಕೆರೆ. ಅದರ ತೂಬಿನ ಬಳಿ ಹೂಕೋಸಿನಂಥ ಬೂದು ಗುಪ್ಪೆ. ರಕ್ತದ ಹೆಪ್ಪಾಗಿರಬಹುದೆಂದು ಮೋತಿಯನ್ನು ಹೊರಳಿಸಿ ನೋಡಿದರು. ಹೆಪ್ಪಾಗಿದ್ದರೆ ಜಾರುತ್ತಿತ್ತು, ಇದು ಕದಲಲಿಲ್ಲ. ಮೂತ್ರಪಿಂಡಗಳ ನಾಳಗಳೆರಡೂ ಬಂದು ಸೇರುವ ತ್ರಿಕೋಣದಲ್ಲೇ ಬೇರೂರಿದೆ, ಕತ್ತರಿಸಿ ತೆಗೆಯುವುದು ಕಷ್ಟ, ಎಂದರು. ಹೊರಗಿನಿಂದ ಸೂಜಿ ಚುಚ್ಚಿದರೆ ಅದರ ದಾರಿಯುದ್ದಕ್ಕೂ ರೋಗದ ಬೀಜ ಬಿತ್ತಿದಂತಾದೀತೆಂದು ಮೂತ್ರವನ್ನೇ ಪರೀಕ್ಷೆಗೆ ಕಳಿಸಿದರು. ಅದೂ ಅದೇ ಮಾತು ಹೇಳಿತು.

ಈಗ ದಿನವೂ ಪಿರಾಕ್ಸಿಕ್ಯಾಂ. ಗುಣವಾಗಲಿಕ್ಕಲ್ಲ, ಉಳಿದ ತಿಂಗಳುಗಳು ಹಗುರಾಗಲಿಕ್ಕೆ. ಹಿಂದೆ ಕಂಬ ಕಂಬದ ಬಳಿಯೂ ಸರಪಣಿ ಜಗ್ಗುತ್ತಿದ್ದ ನಾನು, ಅವನು ತಿಣುಕಿ ಮುಗಿಸುವವರೆಗೆ ಸುಮ್ಮನೆ ನಿಲ್ಲುತ್ತೇನೆ. ನನಗೇನು ಅವಸರ?