ಬಂಡೆಯೊಳಗಿನ ಸಿದ್ಧಗಂಗಮ್ಮ

ನನ್ನಜ್ಜಿಯ ಹೆಸರು ಸಿದ್ಧಗಂಗಮ್ಮ. ಮನೆಯವರ ಬಾಯಲ್ಲಿ ಗಂಗವ್ವ. ಆ ಹೆಸರು ಹುಟ್ಟಿದ ಜಾಗ ನೋಡಬೇಕೆಂಬ ಬಹಳ ದಿನದ ಆಸೆಗೆ ಕೊನೆಗೂ ಕುಣಿಗಲ್ ಬಸ್ಸು ಹತ್ತಿದೆ.

ಕುಣಿಗಲ್ ದಾಟಿದರೆ ಯಡಿಯೂರು, ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ. ಮಗುವಿಗೆ ಮುಡಿ ಕೊಡಿಸಲು ಬಂದವರನ್ನು ಮಾತಾಡಿಸಿದೆ. ಮಗುವಿನ ಹೆಸರು ಹೊಸಕಾಲದ್ದು. ಅದನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದ ಅಜ್ಜಿ ಮಾತ್ರ ಸಿದ್ಧಲಿಂಗಮ್ಮ. ಹಾಗೆಯೇ ಗುಬ್ಬಿಯ ಸ್ವಾಮಿ ಚನ್ನಬಸವೇಶ್ವರ. ಅವನ ಒಕ್ಕಲಲ್ಲಿ ಚನ್ನಬಸಮ್ಮಂದಿರು. ಗುರುವಿನ ಹೆಸರಿಗೆ ಒಂದು 'ಅಮ್ಮ' ಸೇರಿದರೆ ಸಾಕು, ಗುರುವೇ ತಾಯಾಗಿಬಿಡುತ್ತಾನಲ್ಲ!

ಅಜ್ಜಿಯ ಹೆಸರಲ್ಲಿ ಇನ್ನೂ ಒಂದು ಪವಾಡವಿದೆ. ತುಮಕೂರಿನ ಪಕ್ಕದ ಕ್ಯಾತ್ಸಂದ್ರದಿಂದ ಸಿದ್ಧಗಂಗೆ ಬೆಟ್ಟ ಹತ್ತಿದೆ. ಗೋಸಲ ಸಿದ್ಧೇಶ್ವರರ ಜೊತೆಗಿದ್ದ ಮುಪ್ಪಿನ ಶಿಷ್ಯರೊಬ್ಬರಿಗೆ ರಾತ್ರಿ ನೀರಡಿಕೆಯಾಯಿತಂತೆ. ಗುರುಗಳು ಬಂಡೆ ಮೀಟಿದರಂತೆ, ಗಂಗೆ ಉಕ್ಕಿದಳಂತೆ. ಸಿದ್ಧ ಕರೆದ ಗಂಗೆ, ಸಿದ್ಧಗಂಗೆ. ಹಿಮಾಲಯದ ಹೊಳೆ ಈ ಬಯಲುಸೀಮೆಯ ಕಲ್ಲಿನೊಳಗೆ! ಕೊಳವೆಬಾವಿಯಲ್ಲಿ ನೀರು ಕಂಡರೆ ನಮ್ಮ ಕಡೆ ಇವತ್ತಿಗೂ 'ಗಂಗಮ್ಮ ಬಂದ್ಲು' ಅಂತಲೇ ಕೈಮುಗಿಯುವುದು. ನೀರಿನ ಬೆಲೆ ಗೊತ್ತಿದ್ದವರು ಮಗಳಿಗೆ ಬೇರೆ ಯಾವ ಹೆಸರಿಟ್ಟಾರು? 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದ ಇಲ್ಲಿನ ಮಠದ ಶಿವಕುಮಾರ ಸ್ವಾಮಿಗಳನ್ನು ವೀರಾಪುರದಲ್ಲಿ ಹೆತ್ತ ತಾಯಿಯೂ ಗಂಗಮ್ಮನೇ.

ದೂರದ ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲೂ ಇಂಥದೇ ನೊಲ್ವೆನ್ ಎಂಬ ಹೆಣ್ಣುಹೆಸರಿದೆ, ನೋಯಾಲ್ ಎಂಬ ಊರಿನ ಪುಣ್ಯವತಿ ಎಂದರ್ಥ. ಆ ಪುಣ್ಯವತಿಯ ನೆತ್ತರ ಹನಿ ಬಿದ್ದಲ್ಲಿ ಒರತೆಗಳು ಎದ್ದವೆಂದು ಅಲ್ಲಿನ ಐತಿಹ್ಯ. ಎಲ್ಲಿಯ ಬ್ರಿಟನಿ, ಎಲ್ಲಿಯ ಕ್ಯಾತ್ಸಂದ್ರ! ಎರಡೂ ಕಡೆ ಊರು, ಒರತೆ, ಹೆಣ್ಣು ಒಂದೇ ಹೆಸರಲ್ಲಿ ಕೂತಿವೆ.

ಸಿದ್ಧಗಂಗೆಯ ಒರತೆಯ ಮುಂದೆ ತಲೆ ಬಗ್ಗಿಸಿ ನಿಂತೆ. ಒದ್ದೆ ಕಲ್ಲಿಗೆ ಅರಿಸಿನ ಕುಂಕುಮ ಮೆತ್ತಿತ್ತು, ದೀಪದ ಬೆಳಕು ನೀರ ಮೇಲೆ ಸಣ್ಣಗೆ ನಡುಗುತ್ತಿತ್ತು. ಅಂಗೈಗೆ ಬಿದ್ದ ತೀರ್ಥ ಮೊಣಕೈವರೆಗೂ ತಣ್ಣಗೆ ಇಳಿಯಿತು. ಇಷ್ಟು ನೀರಿಗಾಗಿಯೇ ಒಂದು ಸೀಮೆ ತನ್ನ ಹೆಣ್ಣುಮಕ್ಕಳಿಗೆ ಹೆಸರಿಟ್ಟುಕೊಂಡು ಬಂತಲ್ಲ ಎಂದು ಕಣ್ಣು ತುಂಬಿತು.

"ಅರ್ಚನೆ ಯಾರ ಹೆಸರಿಗೆ?" ಎಂದರು ಅರ್ಚಕರು.

"ಸಿದ್ಧಗಂಗಮ್ಮ" ಎಂದೆ, ತುಸು ಗಟ್ಟಿಯಾಗಿಯೇ.

ಹಿಂದೆ ಸಾಲಿನಲ್ಲಿದ್ದ ಇಬ್ಬರು ಅಜ್ಜಿಯರು ಒಟ್ಟಿಗೇ ತಲೆಯೆತ್ತಿದರು. "ಏನಪ್ಪಾ, ಕರೆದ್ಯಾ?"